ರೊಟ್ಟಿ ಬುಟ್ಟಿಯ ಸಿಸ್ಟರ್

ಮಕ್ಕಳ ಡಬ್ಬಿಗೆ ಕೈ ಹಾಕಿ ತಿನ್ನುವ ಸನ್ಯಾಸಿನಿಯನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಕೊಟ್ಟೂರಿನ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತೆಂದರೆ ಸಿಸ್ಟರ್ ಬೆನೆಡಿಕ್ಟಾ ಬಿಳಿ ನಿಲುವಂಗಿಯ ತೋಳು ಮಡಚಿಕೊಂಡು ವರಾಂಡದ ಸಾಲಿನುದ್ದಕ್ಕೂ ಬರುತ್ತಿದ್ದರು. ಈ ಡಬ್ಬಿಯಿಂದ ಒಂದು ಚೂರು ರೊಟ್ಟಿ, ಆ ಡಬ್ಬಿಯಿಂದ ಒಂದು ಬೆರಳು ಶೇಂಗಾ ಚಟ್ನಿ. ಮಂಗಳೂರು ಕಡೆಯವರು. ಪುಂಡಿಪಲ್ಯ ಮೊದಲ ಸಲ ಬಾಯಿಗಿಟ್ಟಾಗ ಕಣ್ಣು ಮುಚ್ಚಿ, "ಎಂತ ಹುಳಿ ಮಾರಾಯ್ತಿ!" ಎಂದು ಚೀರಿ, ಮರುಗಳಿಗೆಯಲ್ಲೇ "ಇನ್ನೊಂಚೂರು ಕೊಡು" ಎಂದು ಕೈಚಾಚಿದ್ದರು. ಅವರ ಹೆಸರು ನಾಲಿಗೆಗೆ ತಿರುಗದೆ ನಾವು ಬೆಂಡಿಕಾಯಿ ಸಿಸ್ಟರ್ ಅನ್ನುತ್ತಿದ್ದೆವು. ಅದು ಅವರ ಕಿವಿಗೆ ಬಿದ್ದಾಗ ಬಯ್ಯಲಿಲ್ಲ. "ಬೆಂಡೆಕಾಯಿ ತಿಂದ್ರೆ ಲೆಕ್ಕ ಬರ್ತದಂತೆ. ನೀವು ಯಾರೂ ತಿಂದ ಹಾಗೆ ಕಾಣೂದಿಲ್ಲ" ಎಂದರು.

ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಲೆಕ್ಕ ತಪ್ಪಿದರೆ ಸಿಟ್ಟಿಲ್ಲ, ಸುಮ್ಮನೆ ಕೂತರೆ ಸಿಟ್ಟು. ನನ್ನ ಹೆಸರು ಹುಲಿಗೆಮ್ಮ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. "ಹೆಸರು ಹುಲಿ, ದನಿ ಇಲಿ! ಬಾಯಿ ಐತಲ್ಲ, ಮಾತಾಡು ಮಾರಾಯ್ತಿ" ಎಂದು ಊರ ಮಾತನ್ನೂ ತಮ್ಮ ಮಾತನ್ನೂ ಕಲಸಿ ಗದರುತ್ತಿದ್ದರು. ನಾನೇನು ಮಾತಾಡಲಿ? ನಾವು ಕೇರಿಯವರು. ಅಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ನಾವು ಬೌದ್ಧರಾದದ್ದು ಆಮೇಲಿನ ಮಾತು. ಸಿಸ್ಟರ್ ಬರುವ ಮೊದಲು ನಾನು ಬೇವಿನ ಮರದ ಕೆಳಗೆ ಒಬ್ಬಳೇ ಕೂತು ಉಣ್ಣುತ್ತಿದ್ದೆ. ಅಲ್ಲಿ ಕೂರು ಎಂದು ಯಾರೂ ಹೇಳಿರಲಿಲ್ಲ. ಹೇಳದೆಯೇ ತಿಳಿಯುವಂತೆ ಊರು ಕಲಿಸಿರುತ್ತದೆ.

ಬಂದ ವಾರದಲ್ಲೇ ಸಿಸ್ಟರ್ ನನ್ನ ರಟ್ಟೆ ಹಿಡಿದು ವರಾಂಡಕ್ಕೆ ತಂದರು. ಎಲ್ಲರೂ ಎತ್ತರದ ಪ್ರಕಾರ ಕೂರಬೇಕು, ಯಾರೂ ಜಾಗ ಆರಿಸಬಾರದು ಎಂದು ನಿಯಮ ಮಾಡಿದರು. ನನ್ನ ಪಕ್ಕಕ್ಕೆ ಎಣ್ಣೆ ಗಿರಣಿ ಸಾಹುಕಾರರ ಮಗಳು ವಿಜಯಾ ಬಂದಳು. ಒಂದು ದಿನ ನನ್ನ ಡಬ್ಬಿಯಿಂದ ರೊಟ್ಟಿ ಮುರಿದು ತಿಂದ ಸಿಸ್ಟರ್, ಅದೇ ಕೈಯನ್ನು ವಿಜಯಾಳ ಡಬ್ಬಿಯತ್ತ ಚಾಚಿದರು. ಅವಳು ಟಪ್ಪನೆ ಮುಚ್ಚಳ ಹಾಕಿದಳು.

"ಕೈ ತೊಳಕೊಂಡು ಬರ್ರಿ ಸಿಸ್ಟರ್. ಆಕಿ ಡಬ್ಬಿ ಮುಟ್ಟೀರಿ."

ಸಿಸ್ಟರ್ ಮೂಗು ಕೆಂಪಾಯಿತು. ಹೊಡೆದೇಬಿಡುತ್ತಾರೆ ಎಂದುಕೊಂಡೆವು. ಹೊಡೆಯಲಿಲ್ಲ.

"ಇದು ಯಾರು ಹೇಳಿಕೊಟ್ಟದ್ದು ನಿನಗೆ?"

"ನಮ್ಮವ್ವ."

"ಹಾಗಾದ್ರೆ ನಿನ್ನ ತಪ್ಪಲ್ಲ. ಊಟ ಮಾಡು."

ಮರುದಿನ ವರಾಂಡದಲ್ಲಿ ಒಂದು ದೊಡ್ಡ ಬಿದಿರು ಬುಟ್ಟಿ ಬಂತು. ಒಳಗೆ ಬಿಳಿ ಬಟ್ಟೆ. ಎಲ್ಲರೂ ತಂದ ರೊಟ್ಟಿಯನ್ನು ಅದಕ್ಕೆ ಹಾಕಬೇಕು, ಸಿಸ್ಟರ್ ಮೇಲೆ ಕೆಳಗೆ ಮಾಡಿ ಮುಚ್ಚುತ್ತಾರೆ, ಆಮೇಲೆ ಕೈಗೆ ಸಿಕ್ಕದ್ದನ್ನು ತಿನ್ನಬೇಕು. ಯಾರದು ಯಾವುದು ಎಂದು ಕೇಳುವಂತಿಲ್ಲ. ಮೊದಲು ಮೂಗು ಮುರಿದವರು ಹಸಿವು ತಡೆಯಲಾರದೆ ತಿಂದರು. ಹಸಿವಿನ ಮುಂದೆ ಯಾವ ಮಡಿ?

ನಮ್ಮವ್ವನಿಗೆ ಈ ಸುದ್ದಿ ಹೇಳಿದೆ. "ಊರ ಮಂದಿ ಮಕ್ಳು ನನ್ನ ರೊಟ್ಟಿ ತಿಂತಾವೇನಲೇ?" ಎಂದಳು. ಅಂದಿನಿಂದ ಕೋಳಿ ಕೂಗುವ ಮೊದಲೇ ಎದ್ದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಹಾಳೆಯಷ್ಟು ತೆಳ್ಳಗೆ ಬಡಿಯತೊಡಗಿದಳು. ದಪ್ಪ ಇದ್ದರೆ ನಕ್ಕಾರು ಎಂಬ ಹೆದರಿಕೆ. ನಗುವುದೆಲ್ಲಿ ಬಂತು, ಹುಡುಗಿಯರು ಬುಟ್ಟಿಗೆ ಕೈ ಹಾಕಿ ಎಳ್ಳಿನ ರೊಟ್ಟಿಯನ್ನೇ ತಡಕಾಡುತ್ತಿದ್ದರು. ಎಲ್ಲರಿಗಿಂತ ಮುಂದೆ ವಿಜಯಾ. ನಾನು ನೋಡಿಯೂ ನೋಡದಂತೆ ಕೂತು ಒಳಗೊಳಗೇ ಉಬ್ಬುತ್ತಿದ್ದೆ.

ಅದೇ ಮುಳುವಾಯಿತು. ವಿಜಯಾ ಮನೆಯಲ್ಲಿ ತಾಯಿಗೆ, ಬುಟ್ಟಿಯಲ್ಲಿ ಬರುವಂಥ ಎಳ್ಳಿನ ರೊಟ್ಟಿ ಮಾಡಿಕೊಡು ಎಂದು ಗಂಟುಬಿದ್ದಳಂತೆ. ಯಾವ ಬುಟ್ಟಿ, ಯಾರ ರೊಟ್ಟಿ ಎಂದು ಆ ತಾಯಿ ಕೆದಕಿದಳು. ಮರುದಿನವೇ ಸಾಹುಕಾರರು ನಾಲ್ಕು ಜನರನ್ನು ಕಟ್ಟಿಕೊಂಡು ವರಾಂಡಕ್ಕೆ ಬಂದರು.

"ಓದಾಕ ಕಳಿಸೀವ್ರಿ, ಕುಲ ಕೆಡಿಸಾಕಲ್ಲ."

ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಿಮ್ಮ ಮಗಳು ದೀಪಾವಳಿಯಿಂದ ತಿಂತಾ ಇದ್ದಾಳೆ. ಎಲ್ಲಿ ಕೆಟ್ಟಿದ್ದಾಳೆ ತೋರಿಸಿ. ಹೊಟ್ಟೆಯಾ, ತಲೆಯಾ? ನಾನೂ ನೋಡ್ತೇನೆ."

"ಜಾತಿ ಕೆಡಿಸಿ ತಮ್ಮ ಮತಕ್ಕ ಸೇರಿಸ್ಕೊಳ್ಳೋ ಆಟ ಇದು" ಎಂದ ಜೊತೆಗೆ ಬಂದಿದ್ದವನೊಬ್ಬ. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಲ್ಲರೀ, ಆ ಬುಟ್ಟಿಯಲ್ಲಿ ಯೇಸುವೂ ಇರಲಿಲ್ಲ, ಉಜ್ಜಿನಿಯ ಮರುಳಸಿದ್ಧನೂ ಇರಲಿಲ್ಲ. ಇದ್ದದ್ದು ರೊಟ್ಟಿ!

ಸಾಹುಕಾರರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರು ಇದ್ದಂತೆಯೇ ಇದ್ದರು. ನನ್ನ ಸಿಟ್ಟೆಲ್ಲ ದಿನಾ ಬೆಳಿಗ್ಗೆ ದೇವರ ಮುಂದೆ ಎಲ್ಲರೂ ಒಂದೇ ಎಂದು ನಮ್ಮಿಂದ ಹಾಡಿಸಿದವರ ಮೇಲೆ. ಮಕ್ಕಳನ್ನು ಬಿಡಿಸುತ್ತೇವೆ ಎಂದು ಊರ ದೊಡ್ಡವರು ಹೆದರಿಸಿದರು. ಕಾನ್ವೆಂಟಿನ ಹಿರಿಯ ಮದರ್ ಹೆದರಿದರು. ಅಷ್ಟೇ. ಪರೀಕ್ಷೆ ಹತ್ತಿರವಿದ್ದಾಗ, ಒಂದು ಸೋಮವಾರ, ತರಗತಿಗೆ ಬೇರೆ ಟೀಚರ್ ಬಂದರು. ಸಿಸ್ಟರ್ ಬೆನೆಡಿಕ್ಟಾ ಬೆಳಗಿನ ಬಸ್ಸಿಗೆ ಟ್ರಂಕು ಹಾಕಿಕೊಂಡು ಹೋಗಿದ್ದರು. ನಮಗೆ ಒಂದು ಮಾತೂ ಹೇಳಲಿಲ್ಲ. ಬುಟ್ಟಿ ಆಟದ ಸಾಮಾನಿನ ಕೋಣೆ ಸೇರಿತು. ನಾನು ಬೇವಿನ ಮರದ ಕೆಳಗೆ ಹೋದೆ. ಶಾಲೆಯೇ ಬೇಡ ಎಂದು ಮನೆಯಲ್ಲಿ ಅತ್ತಾಗ ಅವ್ವ, "ರೊಟ್ಟಿ ಒಬ್ಬಾಕಿನ ತಿನ್ನು. ಸಾಲಿ ಮಾತ್ರ ಬಿಡಬ್ಯಾಡ" ಎಂದಳು. ಎಳ್ಳು ಹಚ್ಚುವುದನ್ನು ಅವಳು ಅಂದೇ ಬಿಟ್ಟಳು.

ಕಾಲೇಜಿಗೆಂದು ಬಳ್ಳಾರಿಗೆ ಹೋದಾಗ ಸಿಸ್ಟರುಗಳ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಅಲ್ಲಿ ಉಗ್ರಾಣದಲ್ಲಿ ಬೇಳೆ ಅಳೆದು ಕೊಡುತ್ತ ನಿಂತಿದ್ದವರು ಯಾರು? ನಮ್ಮ ಸಿಸ್ಟರ್ ಬೆನೆಡಿಕ್ಟಾ! ಅಂಥ ಲೆಕ್ಕದ ಟೀಚರನ್ನು ಅಡುಗೆಮನೆಗೆ ಹಾಕಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ನಕ್ಕರು. "ಪಾಠಕ್ಕೆ ಸಿಟ್ಟಿನವರು ಬೇಡವಂತೆ. ಬೇಳೆಗೆ ಅಡ್ಡಿಯಿಲ್ಲವಂತೆ." ಆ ಉಗ್ರಾಣದ ಅಕ್ಕಿ ಮೂಟೆಗಳ ಮೇಲೆ ಕೂರಿಸಿಕೊಂಡೇ ನನಗೆ ಲೆಕ್ಕ ಹೇಳಿಕೊಟ್ಟರು. ಟೀಚರ್ ಆಗು ಎಂದು ಬೆನ್ನುಬಿದ್ದರು. ಆದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ಸುತ್ತಿ, ಹಗರಿಬೊಮ್ಮನಹಳ್ಳಿಯಲ್ಲಿ ನಿವೃತ್ತಳಾದೆ. ಹೋದಲ್ಲೆಲ್ಲ "ಈ ಟೀಚರಿಗೆ ಸಿಟ್ಟು ಭಾಳ" ಅನ್ನಿಸಿಕೊಂಡಿದ್ದೇನೆ. ಅನ್ನಲಿ ಬಿಡಿ.

ಸಿಸ್ಟರನ್ನು ಕೊನೆಯ ಸಲ ಕಂಡದ್ದು ಹೋದ ವರ್ಷ, ವಯಸ್ಸಾದ ಸಿಸ್ಟರುಗಳನ್ನು ಇಟ್ಟಿರುವ ಮನೆಯಲ್ಲಿ. ಹಾಸಿಗೆಯಲ್ಲಿ ಒರಗಿ ಕೂತಿದ್ದರು. ನನ್ನ ಗುರುತು ಹಿಡಿದರು. ಊರ ಸುದ್ದಿ, ಮೊಮ್ಮಕ್ಕಳ ಸುದ್ದಿ ಎಲ್ಲ ಕೇಳಿ, ಆಮೇಲೆ ತಾವೇ ಆ ವಿಷಯ ತೆಗೆದರು.

"ಆ ದಿನ ನಾನು ಹೋಗಬಾರದಿತ್ತು ಹುಲಿಗೆಮ್ಮ. ಬಾಗಿಲಲ್ಲಿ ಕೂತುಬಿಟ್ಟಿದ್ರೆ ಎಂತ ಮಾಡ್ತಿದ್ರು? ಎತ್ತಿಕೊಂಡು ಹೋಗ್ತಿದ್ರಾ?"

"ನಿಮ್ಮ ವ್ರತ ಇತ್ತಲ್ರಿ ಸಿಸ್ಟರ್. ಹಿರಿಯರು ಹೇಳಿದ್ದನ್ನ ಮೀರಬಾರದು ಅಂತ."

"ಅದೇ. ಜೀವಮಾನ ಇಡೀ ಪಾಪನಿವೇದನೆಯಲ್ಲಿ, ಸಿಟ್ಟು ಬಂತು ಕ್ಷಮಿಸಿ, ಸಿಟ್ಟು ಬಂತು ಕ್ಷಮಿಸಿ ಅಂತ ಹೇಳಿದೆ. ಹೇಳಬೇಕಾದದ್ದು ಅದಲ್ಲ. ಹೋಗು ಅಂದ ಕೂಡಲೇ ಹೋದೆನಲ್ಲ, ಅದು."

"ಅದನ್ನ ಫಾದರಿಗೆ ಹೇಳಿದ್ರೇನ್ರಿ?"

"ಹೇಳಿದೆ. ವಿಧೇಯತೆ ಪಾಪ ಅಲ್ಲ, ಪುಣ್ಯ ಅಂದ್ರು. ಕ್ಷಮಿಸಲೇ ಇಲ್ಲ." ನನ್ನ ಕೈ ಹಿಡಿದುಕೊಂಡರು. "ನೀನಾದ್ರೂ ಕ್ಷಮಿಸು ಮಾರಾಯ್ತಿ."

ನನಗೆ ದುಃಖಕ್ಕಿಂತ ಸಿಟ್ಟೇ ಮೊದಲು ಬಂತು. "ನೀವ್ಯಾಕ ಕೇಳ್ತೀರಿ? ನಿಮ್ಮನ್ನ ಕಳಿಸಿದವ್ರು ಬಂದು ಕೇಳ್ಲಿ" ಎಂದೆ. ಆಮೇಲೆ ಅವರ ಮೊಣಕಾಲ ಮೇಲೆ ತಲೆಯಿಟ್ಟು ಅತ್ತೆ.

ಕಳಿಸಿದವರ ಕಡೆಯವರು ಬಂದರು, ಸಿಸ್ಟರ್ ಸತ್ತ ಮೇಲೆ. ಚರ್ಚಿನಲ್ಲಿ ಪ್ರಾರ್ಥನೆ ಇಟ್ಟಿದ್ದರು. ಅವರನ್ನು ಸರಿಯಾಗಿ ಕಂಡೂ ಇರದ ಒಬ್ಬ ಎಳೆಯ ಫಾದರ್ ಮಾತಾಡಿದರು. "ಸಿಸ್ಟರ್ ಬೆನೆಡಿಕ್ಟಾ ಒಮ್ಮೆಯೂ ಎದುರು ಮಾತಾಡಿದವರಲ್ಲ. ಕಳಿಸಿದ ಕಡೆ ಹೋದರು, ಕೊಟ್ಟ ಕೆಲಸ ಮಾಡಿದರು. ಅವರ ವಿಧೇಯತೆ ನಮಗೆಲ್ಲ ಮಾದರಿ." ಸುತ್ತಲಿನವರು ತಲೆಯಾಡಿಸಿದರು.

ನಾನು ಎದ್ದು ನಿಂತೆ.

"ಫಾದರ್, ಬ್ಯಾರೆ ಏನರ ಹೊಗಳ್ರಿ. ಇದೊಂದನ್ನ ಹೊಗಳಬ್ಯಾಡ್ರಿ. ಇದಕ್ಕ ಕ್ಷಮಾ ಬೇಡಿಕೊಂತ ಸತ್ತಾರ ಅವ್ರು."

ಫಾದರ್ ಒಂದು ಕ್ಷಣ ತಡವರಿಸಿ, "ಕೂತ್ಕೊಳ್ಳಿ ಅಮ್ಮಾ" ಎಂದರು.

ನಾನು ಕೂರಲಿಲ್ಲ.