ಅಲುಗಿಹೋದ ಕೆಂಚ

ನಾನು ಚಿಕ್ಕವಳಿದ್ದಾಗ ಫೋಟೋ ತೆಗೆಯುವಾಗ ಉಸಿರೂ ಬಿಡಬಾರದು ಅನ್ನುತ್ತಿದ್ದರು. ಒಂಚೂರು ಅಲುಗಿದರೂ ಮುಖ ಕಲಸಿದ ಹಿಟ್ಟಿನಂತಾಗುತ್ತಿತ್ತು. ಅಂಥ ಕಾಲದಲ್ಲಿ ನಮಗೆ ಓಡುವ ನಾಯಿಯ ಫೋಟೋ ಬೇಕಾಗಿತ್ತು ಮಕ್ಕಳೇ, ಅದೂ ಅವತ್ತೇ.

ನಮ್ಮದು ಹೊಳೆನರಸೀಪುರ. ಅಕ್ಕ ನಮ್ಮ ನಾಯಿ ಕೆಂಚನ ಜೊತೆ ಹೊಳೆಯಿಂದ ಬರುತ್ತಿದ್ದಾಗ ತೆಂಗಿನಕಾಯಿ ಹೇರಿದ ಗಾಡಿಯೊಂದು ಅವರ ಪಕ್ಕದಲ್ಲೇ ಮಗುಚಿಬಿತ್ತು. ಅಕ್ಕನ ಕಾಲು ಮುರಿಯಿತು. ಕೆಂಚ ಕುಂಯ್ ಎಂದು ಕಿರುಚಿದ್ದಷ್ಟೇ ಅವಳಿಗೆ ನೆನಪು. ಎಚ್ಚರವಾದಾಗ ಹಾಸನದ ಆಸ್ಪತ್ರೆಯಲ್ಲಿದ್ದಳು. ಕೆಂಚನಿಗೆ ಆಗಿದ್ದು ಬರೀ ತರಚುಗಾಯ. ಆದರೆ ಅಕ್ಕ ನಂಬಬೇಕಲ್ಲ? ಹಿಂದೆ ಕರು ಸತ್ತಾಗ ಅದನ್ನು ಅಜ್ಜಿ ಮನೆಗೆ ಕಳಿಸಿದ್ದೇವೆ ಎಂದು ಅಮ್ಮ ಸುಳ್ಳು ಹೇಳಿದ್ದಳು.

"ಕೆಂಚನೂ ಅಜ್ಜಿ ಮನೆಗೇ ಓಯ್ತಾ?" ಎಂದು ಅಕ್ಕ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಗಂಜಿ ಮುಟ್ಟಲಿಲ್ಲ. ಜ್ವರ ಏರಿತು. ಹೊಟ್ಟೆಗೆ ಏನಾದರೂ ಬೀಳದಿದ್ದರೆ ಕಷ್ಟ ಎಂದರು ಡಾಕ್ಟರು. ನಾಯಿಯನ್ನು ಒಳಗೆ ಬಿಡುವಂತಿರಲಿಲ್ಲ.

"ಫೋಟೋ ತೋರ್ಸಿದ್ರೆ ನಂಬ್ತೀಯೇನವ್ವಾ?" ಎಂದು ಅಪ್ಪ ಅಂಗಲಾಚಿದರು.

"ಮಲ್ಗಿರೋ ಫೋಟೋ ಬ್ಯಾಡ. ಸತ್ತಿರೋದ್ನೂ ಅಂಗೇ ಮಲಗಿಸ್ತೀರ. ಓಡ್ತಿರ್ಬೇಕು," ಎಂದಳು ಅಕ್ಕ.

ಅಪ್ಪ ನನ್ನನ್ನು ಕರೆದುಕೊಂಡು ಊರಿಗೆ ಬಂದು, ಸ್ಕೂಲಿನ ಮೇಷ್ಟ್ರ ಕೈಕಾಲು ಹಿಡಿದು ಕ್ಯಾಮೆರಾ ತಂದರು. ರೀಲಿನಲ್ಲಿ ಉಳಿದಿದ್ದುದು ಒಂದೇ ಒಂದು ಫೋಟೋ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಕೆಂಚನೋ, ಅಕ್ಕ ಹೋದಾಗಿನಿಂದ ಜಗಲಿ ಬಿಟ್ಟು ಎದ್ದಿರಲಿಲ್ಲ. ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಒಣಹಾಕಿದ ಸಂಡಿಗೆಯ ಜೀರಿಗೆ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಪ್ಪ ರೊಟ್ಟಿ ತೋರಿಸಿದರು, ಕೊರಳ ಹಗ್ಗ ಹಿಡಿದು ಎಳೆದರು, ಕೊನೆಗೆ ತಾವೇ ಓಡಿ ತೋರಿಸಹೋಗಿ ಪಂಚೆ ತೊಡರಿ ಬಿದ್ದರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನನಗೆ ಅಳು ಬಂತು.

"ಎದ್ದೇಳೋ ಕೆಂಚ, ನನ್ ಮಗೀನ ಉಳ್ಸ್‌ಕೊಡೋ," ಎಂದು ಅಪ್ಪ ನೆಲದಲ್ಲೇ ಕೂತು ಬೇಡಿಕೊಂಡರು. ಕೆಂಚ ಕಣ್ಣು ಮಾತ್ರ ತೆರೆದು ಮುಚ್ಚಿತು.

ಕಣ್ಣೊರೆಸಿಕೊಳ್ಳಲು ಒಂದು ಕೈ ತೆಗೆದೆ, ಅಪ್ಪ ನನ್ನ ಕೈಗೆ ಕೊಟ್ಟಿದ್ದ ಕ್ಯಾಮೆರಾ ವಾಲಿತು. ಅದು ಬಿದ್ದರೆ ಎಲ್ಲ ಮುಗಿದಂತೆಯೇ. ಅಪ್ಪ ಗಾಬರಿಯಿಂದ ಕೂಗಿದರು: "ಬೀಳಿಸ್ಬ್ಯಾಡ ಕಣಮ್ಮಿ! ಇಡಿ! ಗಟ್ಟಿಯಾಗಿ ಇಡಿ!"

'ಹಿಡಿ' ಎನ್ನುವುದು ನಮ್ಮೂರ ಬಾಯಲ್ಲಿ 'ಇಡಿ'. ಸಂಡಿಗೆಗೆ ಕಾಗೆ ಬಂದಾಗಲೆಲ್ಲ ಅಕ್ಕ ಕೆಂಚನಿಗೆ ಕೂಗುತ್ತಿದ್ದ ಮಾತೂ ಅದೇ. ದಿಕ್ಕು ತೋಚದೆ ಕೂತ ನಮಗ್ಯಾರಿಗೂ ಅದು ನೆನಪಾಗಿರಲಿಲ್ಲ, ಕೆಂಚನಿಗೆ ನೆನಪಿತ್ತು. ದಡಕ್ಕನೆ ಎದ್ದು, ಜಗಲಿಯಿಂದ ಚಿಮ್ಮಿ, ಸಂಡಿಗೆಯನ್ನೆಲ್ಲ ತುಳಿದುಕೊಂಡು ಇಲ್ಲದ ಕಾಗೆಯ ಹಿಂದೆ ಓಡಿತು. ನಾನು ಕಣ್ಣು ಮುಚ್ಚಿ ಗುಂಡಿ ಒತ್ತಿದೆ.

ಹಾಸನದ ಸ್ಟುಡಿಯೋದಲ್ಲಿ ರೀಲು ತೊಳೆಸಿದಾಗ ಬಂದದ್ದು ಒಂದು ಕಿವಿ, ಒಂದು ಬಾಲ, ನಡುವೆ ಬರೀ ಮಸುಕು. ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು.

"ಓಯ್ತು ಕಣಮ್ಮಿ, ಎಲ್ಲಾ ಓಯ್ತು."

ಬೇರೆ ದಾರಿಯಿಲ್ಲದೆ ಅದನ್ನೇ ಅಕ್ಕನ ಕೈಗಿಟ್ಟೆವು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅಪ್ಪ ತಲೆಯೆತ್ತಲಿಲ್ಲ.

"ಫೋಟೋಕ್ಕೂ ನಿಂತ್ಕಳ್ದಂಗೆ ಓಡ್ತಾ ಐತಲ್ಲಪ್ಪಾ!" ಎಂದು ಅಕ್ಕ ಗಂಜಿಯ ಲೋಟಕ್ಕೆ ಕೈ ಚಾಚಿದಳು.

ಈಗ ನಿಮ್ಮ ಫೋನಿನಲ್ಲಿ ಓಡುವ ನಾಯಿಯ ಒಂದೊಂದು ಕೂದಲೂ ಕಾಣುತ್ತದೆ. ಅಲುಗಿದ ಚಿತ್ರ ಬಂದರೆ ಆ ಕ್ಷಣವೇ ಅಳಿಸುತ್ತೀರಿ. ಅಳಿಸಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಚನ್ನರಾಯಪಟ್ಟಣಕ್ಕೆ ಹೋದಾಗ ಕುಂಟುತ್ತಾ ಬಂದು ಬಾಗಿಲು ತೆಗೆಯುತ್ತಾಳಲ್ಲ ನಿಮ್ಮ ದೊಡ್ಡಜ್ಜಿ, ಅವಳ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಮಸುಕು ಫೋಟೋ ಇದೆ. ಇದರಲ್ಲಿ ನಾಯಿ ಎಲ್ಲಿದೆ ಎಂದು ಮಾತ್ರ ಅವಳನ್ನು ಕೇಳಬೇಡಿ. ಅದು ಇನ್ನೂ ಓಡುತ್ತಿದೆ.