ಉಪ್ಪಿನ ಸಾಹೇಬರ ಸರಾಸರಿ

ಬೀದಿಯವರ ಬಾಯಲ್ಲಿ ಅವರು ‘ಉಪ್ಪಿನ ಸಾಹೇಬರು’. ಉಪಗ್ರಹ ಕಳಿಸುವ ಸಂಕೇತ ನೋಡಿ ಕಡಲಿನ ಮೇಲ್ಮೈಯಲ್ಲಿ ಉಪ್ಪೆಷ್ಟಿದೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಅಡುಗೆಗೆ ಉಪ್ಪು ಬಿದ್ದಿಲ್ಲವೆಂಬುದು ಮಾತ್ರ ತಟ್ಟೆ ಖಾಲಿಯಾದರೂ ಅವರಿಗೆ ತಿಳಿಯದು. ಉಪಗ್ರಹದ ಒಂದು ನೋಟವನ್ನು ನಂಬುವಂತಿಲ್ಲ, ಗಾಳಿ ಅಲೆ ಸೇರಿ ಕೆಡಿಸಿಬಿಡುತ್ತವೆ, ತಿಂಗಳ ಸರಾಸರಿ ತೆಗೆದರೇ ಸತ್ಯ ಎಂಬುದು ಅವರ ವೇದವಾಕ್ಯ. ಅದನ್ನು ಮನೆಗೂ ಹೊತ್ತು ತರುತ್ತಾರೆ. ಅತ್ತೆ ರೇಗಿದರೆಂದು ಹೆಂಡತಿ ಮುಖ ಊದಿಸಿಕೊಂಡರೆ, “ಅಮ್ಮನ ಸಿಟ್ಟಿನ ಸರಾಸರಿ ತೆಗಿ, ಕಮ್ಮೀನೇ ಬರತ್ತೆ” ಎನ್ನುತ್ತಾರೆ. ಅವಳಿಗೆ ನಗು ಬರುತ್ತಿದ್ದ ಕಾಲವೂ ಇತ್ತು. ಕರೆದರೆ ಮಗು ತಿರುಗುತ್ತಿಲ್ಲವೆಂದು ಅವಳಿಗೆ ಅನ್ನಿಸತೊಡಗಿದ ಮೇಲೆ ಆ ಮಾತೇ ವಿಷವಾಯಿತು. “ರೀ, ಕಿವಿ ಡಾಕ್ಟರಿಗೆ ತೋರಿಸೋಣ.” “ಆಟದಲ್ಲಿ ಮೈಮರೆತಿರತ್ತೆ ಕಣೇ. ಒಂದೆರಡು ಸಲಕ್ಕೆ ಏನು ಗೊತ್ತಾಗತ್ತೆ? ಇನ್ನೂ ಸ್ವಲ್ಪ ದಿನ ನೋಡೋಣ.” “ಅಷ್ಟರಲ್ಲಿ ಅದು ಮಾತು ಕಲಿಯೋ ಕಾಲಾನೇ ಮುಗಿದುಹೋಗತ್ತೆ!” ನೋಡುತ್ತ ನೋಡುತ್ತ ಮಗುವಿನ ಎರಡನೆಯ ಹುಟ್ಟುಹಬ್ಬವೂ ಕಳೆಯಿತು. ಒಂದು ಮಧ್ಯಾಹ್ನ ಅವಳು ಬಟ್ಟೆ ಒಣಹಾಕಿ ಒಳಗೆ ಬಂದರೆ, ಆಡುತ್ತಿದ್ದ ಮಗುವಿನ ಬೆನ್ನ ಹಿಂದೆ ಸಾಹೇಬರು ಮಂಡಿಯೂರಿ ಚಪ್ಪಾಳೆ ತಟ್ಟುತ್ತಿದ್ದರು. ಮಗು ತಿರುಗಲಿಲ್ಲ. ಮತ್ತೆ ತಟ್ಟಿದರು. ಅಂಗೈ ಕೆಂಪಗಾಗಿತ್ತು. ಇದು ಇವತ್ತು ಶುರುವಾದದ್ದಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ. “ಇನ್ನೊಂದೇ ಒಂದು ಸಲ ಕಣೇ,” ಎಂದರು.