ಖಾಡಿ ದಂಡೆಯ ರಂಗಮಂದಿರಕ್ಕೆ ನಾನು ಬರೆದ ಸನ್ಮಾನಪತ್ರ

ಮರಾಠಿ ಊರಿಗೆ ಬಂದು ನೆಲೆಸಿದ ನಮ್ಮ ಕನ್ನಡದವರಿಗೆ ಸನ್ಮಾನದ ಹುಚ್ಚು. ನಾಟಕ ಒಂದೂವರೆ ಗಂಟೆಯದ್ದಾದರೆ ಅದಕ್ಕೆ ಮೊದಲು ಶಾಲು, ಪೇಟ, ಹಣ್ಣಿನ ಬುಟ್ಟಿ ಎಂದು ಎರಡು ಗಂಟೆ. ನಾವಿರುವ ಕೋಪರಿಯ ಆಚೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿದ್ದ ಹಳೆಯ ರಂಗಮಂದಿರವನ್ನು ಬಿಲ್ಡರ್ ನುಂಗಿದ ಅಂತ ಎಲ್ಲರೂ ಹೇಳುತ್ತಾರೆ. ಬಡಿಸಿಕೊಟ್ಟವರು ನಾವು.

ಬ್ರಿಟಿಷರ ಕಾಲದ ಕಟ್ಟಡ. ಉಬ್ಬರ ಬಂದರೆ ನೀರು ವೇದಿಕೆಯ ಹಿಂದಿನ ಮೆಟ್ಟಿಲಿಗೆ ಬಡಿಯುತ್ತಿತ್ತು. ಬರಬರುತ್ತಾ ಮಾಡು ಸೋರಿತು, ಕುರ್ಚಿಗಳು ಮುರಿದವು, ಮಾಲೀಕರು ಒಂದು ಮೊಳೆ ಹೊಡೆಸಲಿಲ್ಲ. ಆದರೂ ದಿನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ನನ್ನ ಅಣ್ಣನಿಗೆ ಆ ವೇದಿಕೆಯೆಂದರೆ ಪ್ರಾಣ. ತಾನು ಬರೆದ ಮೊದಲ ನಾಟಕ ಅಲ್ಲೇ ಆಗಬೇಕೆಂದು ಹಟ ಹಿಡಿದ.

ಎರಡು ಸಾವಿರದ ಹತ್ತರ ಆಸುಪಾಸಿನ ಒಂದು ಭಾನುವಾರ ಸಂಜೆ ಅದು ನಿಗದಿಯಾಯಿತು. ಮುಖ್ಯ ಅತಿಥಿ ಯಾರು? ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಬಿಲ್ಡರೇ! "ಅವರಿಗೊಂದು ಶಾಲು ಹೊದಿಸುವ, ಮಂದಿರ ಉಳಿದೀತು" ಎಂದರು ನಮ್ಮ ಸಂಘದ ಅಧ್ಯಕ್ಷರು. ಕಾರ್ಯದರ್ಶಿಯಾಗಿದ್ದ ನಾನು ಸನ್ಮಾನಪತ್ರ ಬರೆದೆ: 'ಕಲಾಪೋಷಕರೇ, ಈ ಮಂದಿರದ ಭವಿಷ್ಯವನ್ನು ತಮ್ಮ ಕೈಗೊಪ್ಪಿಸಿ ನಾವು ನಿಶ್ಚಿಂತರು.' ಥೂ! ಪಾಪ, ಅವರಿಗೆ ಅರ್ಥವಾಗಲಿ ಅಂತ ಅದನ್ನು ಮರಾಠಿಗೂ ಮಾಡಿಸಿ ಸಹಿ ಹಾಕಿದೆ.

ಭಾಷಣಗಳು ಮುಗಿಯುವಾಗ ಏಳು ಗಂಟೆ. ಎಂಟಕ್ಕೆ ಮಂದಿರ ಬಿಡಬೇಕು. ಅಣ್ಣನ ನಾಟಕದ ಕೊನೆಯ ಅಂಕ ಆಗಲೇ ಇಲ್ಲ. ಅವನು ಬಣ್ಣ ಒರೆಸಿಕೊಳ್ಳುತ್ತಾ, "ಅಡ್ಡಿಲ್ಲ, ಬರುವ ತಿಂಗಳು ಇಲ್ಲೇ ಪೂರ್ತಿ ಮಾಡುವ" ಎಂದ. ಬರುವ ತಿಂಗಳು ಗೇಟಿಗೆ ಬೀಗ ಬಿದ್ದಿತ್ತು.

ಕೆಡವುವ ಬಗ್ಗೆ ಅಹವಾಲು ಕೇಳುತ್ತಾರೆಂದು ನಾವಿಬ್ಬರೂ ಪಾಲಿಕೆಗೆ ಹೋದೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಬಿಲ್ಡರನ ವಕೀಲ ನನ್ನ ಪತ್ರ ಮುಂದಿಟ್ಟ, ನಾಟಕದವರೇ ಒಪ್ಪಿದ್ದಾರೆ ಅಂತ.

"ಮ್ಯಾಡಮ್, ಹೀ ಸಹೀ ತುಮಚೀಚ ನಾ?" ಅಧಿಕಾರಿ ಕೇಳಿದ.

ಸಹಿ ನನ್ನದೇ. ಹೌದೆಂದೆ. ಮಳೆಗಾಲಕ್ಕೆ ಮೊದಲೇ ಬುಲ್‌ಡೋಜರ್ ಬಂತು. ಈಗ ಅಲ್ಲಿ ಇಪ್ಪತ್ತೆರಡು ಮಾಳಿಗೆಯ ಟವರ್. ಅಧ್ಯಕ್ಷರ ಫ್ಲ್ಯಾಟೂ ಅದರಲ್ಲೇ ಇದೆ, ಖಾಡಿಗೆ ಮುಖಮಾಡಿ. ನಾಚಿಕೆ ಬೇಡವೇ!

ಅಹವಾಲಿನ ಆ ದಿನ ಪಾಲಿಕೆಯಿಂದ ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ನಾನು ಅಧ್ಯಕ್ಷರನ್ನು, ಬಿಲ್ಡರನನ್ನು, ಆ ವಕೀಲನನ್ನು ಬಾಯಿಗೆ ಬಂದಂತೆ ಬೈದೆ. ಕೋಪರಿಯ ಸೇತುವೆ ಇಳಿದ ಮೇಲೆ ಅಣ್ಣ ಹೇಳಿದ:

"ನನ್ನ ನಾಟಕಕ್ಕೆ ನಾಲ್ಕು ಸಾಲು ಬರೆದುಕೊಡು ಅಂದ್ರೆ ಪುರುಸೊತ್ತಿಲ್ಲ ಅಂದಿದ್ದಿ. ಅವನಿಗೆ ಎಷ್ಟು ಚಂದ ಬರೆದಿದ್ದಿ ಮಾರಾಯ್ತಿ."